ಕ್ಯಾಮೆರಾದಲ್ಲಿ ಚೂಪಾಗಿದ್ದ ಚಿತ್ರ, ಹಂಚಿಕೊಂಡ ಮೇಲೆ ಮಸುಕಾಗುವುದೇಕೆ?

ಪ್ರಶ್ನೆ: ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಕ್ಯಾಮೆರಾ 24 ಮೆಗಾಪಿಕ್ಸೆಲ್‌ನದು, ಒಂದೊಂದು ಜೆಪೆಗ್ ಫೈಲ್ 10–12 ಎಂಬಿ ಇರುತ್ತದೆ. ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅಲ್ಲಿಂದ ಮೆಸೇಜ್ ಆ್ಯಪ್‌ನಲ್ಲಿ ನನ್ನ ಫೋನಿಗೇ ಕಳಿಸಿಕೊಳ್ಳುತ್ತೇನೆ. ಫೋನಿನಲ್ಲಿ ಹಕ್ಕಿ ಇರುವಷ್ಟು ಭಾಗ ಕ್ರಾಪ್ ಮಾಡಿ, ಬೆಳಕು-ಬಣ್ಣ ತಿದ್ದಿ, ಹಕ್ಕಿ ಗುರುತಿಸುವವರು ಸೇರುವ ತಾಣಕ್ಕೆ ಏರಿಸುತ್ತೇನೆ. ಅಲ್ಲಿ ನೋಡಿದರೆ ಗರಿಗಳೆಲ್ಲ ಕಲಸಿಹೋಗಿರುತ್ತವೆ, ಮಿಂಚುಳ್ಳಿಯ ನೀಲಿ ಮಂಕಾಗಿರುತ್ತದೆ. ಒಬ್ಬರು 300 ಡಿಪಿಐ ಇಡಿ ಎಂದರು. ಇನ್ನೊಬ್ಬರು ಜೆಪೆಗ್ ಪ್ರತಿ ಸಲ ತೆರೆದಾಗಲೂ ಸವೆಯುತ್ತದೆ, ಪಿಎನ್‌ಜಿ ಬಳಸಿ ಎಂದರು. ಕಾರ್ಡಿನಲ್ಲಿ ನನ್ನ ಫೈಲ್ ಹೆಸರುಗಳು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತವೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? ಕಳೆದ ತಿಂಗಳ ಕೆಲವು ಚಿತ್ರಗಳ ಮೂಲವನ್ನು ಕಾರ್ಡ್ ಮತ್ತು ಲ್ಯಾಪ್‌ಟಾಪ್ ಎರಡರಿಂದಲೂ ಅಳಿಸಿಬಿಟ್ಟಿದ್ದೇನೆ. ಫೋನಿನಲ್ಲಿರುವ ಪ್ರತಿಯನ್ನು ಎಐ ಆ್ಯಪ್‌ನಲ್ಲಿ ಮೊದಲಿನಂತೆ ಮಾಡಬಹುದೇ?

ಉತ್ತರ: ಚಿತ್ರ ಯಾವ ದಾರಿಯಲ್ಲಿ ಸಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೀರಿ. ಅದರಿಂದ ಕೆಲಸ ಸುಲಭವಾಯಿತು. ತಾಣ ಚಿತ್ರವನ್ನು ಕೆಡಿಸುತ್ತಿದೆ ಎಂಬುದು ನಿಮ್ಮ ಅನುಮಾನ. ಆದರೆ ಹೆಚ್ಚಿನ ಹಾನಿ ಆಗುತ್ತಿರುವುದು ಅದಕ್ಕೂ ಮೊದಲೇ, ಲ್ಯಾಪ್‌ಟಾಪಿನಿಂದ ಫೋನಿಗೆ ದಾಟುವಾಗ.

ಲೆಕ್ಕ ಹಾಕಿ ನೋಡಿ. ನಿಮ್ಮ ಕ್ಯಾಮೆರಾದ ಚಿತ್ರ 6000 × 4000 ಪಿಕ್ಸೆಲ್. ಮೆಸೇಜ್ ಆ್ಯಪ್‌ಗಳಲ್ಲಿ ಸಾಮಾನ್ಯ ಫೋಟೊ ಎಂದು ಕಳಿಸಿದರೆ ಉದ್ದದ ಬದಿಯನ್ನು 1600 ಪಿಕ್ಸೆಲ್ ಆಸುಪಾಸಿಗೆ, ಕೆಲವದರಲ್ಲಿ 1280ಕ್ಕೆ, ಇಳಿಸಿ ಮತ್ತೆ ಜೆಪೆಗ್ ಮಾಡುತ್ತವೆ. 1600 × 1067 ಎಂದರೆ 17 ಲಕ್ಷ ಪಿಕ್ಸೆಲ್. ಮೂಲದಲ್ಲಿ 2 ಕೋಟಿ 40 ಲಕ್ಷ ಇತ್ತು. ಅಂದರೆ ಉಳಿದದ್ದು ನೂರಕ್ಕೆ ಏಳು. ಅದನ್ನೇ ಫೋನಿನ ಪರದೆಯಲ್ಲಿ ಪೂರ್ತಿಯಾಗಿ ನೋಡಿದರೆ ಏನೂ ಕಳೆದಂತೆ ಕಾಣುವುದಿಲ್ಲ, ಪರದೆಗೆ ಅಷ್ಟು ಪಿಕ್ಸೆಲ್ ಸಾಕು. ಮೋಸ ಗೊತ್ತಾಗುವುದು ಕ್ರಾಪ್ ಮಾಡಿದಾಗ. ಹಕ್ಕಿ ಚೌಕಟ್ಟಿನ ಅಗಲದ ಕಾಲು ಭಾಗದಲ್ಲಿ ಕೂತಿದೆ ಎಂದುಕೊಳ್ಳಿ. ಮೂಲದಿಂದ ಕತ್ತರಿಸಿದ್ದರೆ ಅದಕ್ಕೆ 1500 ಪಿಕ್ಸೆಲ್ ಅಗಲ ಸಿಗುತ್ತಿತ್ತು. ಫೋನಿಗೆ ಬಂದ ಪ್ರತಿಯಿಂದ ಕತ್ತರಿಸಿದರೆ ಸಿಗುವುದು 400. ಈ 400 ಪಿಕ್ಸೆಲ್ಲನ್ನು ತಾಣ ದೊಡ್ಡದಾಗಿ ಎಳೆದು ತೋರಿಸುತ್ತದೆ, ಗರಿ ಕಲಸಿದಂತೆ ಕಾಣುತ್ತದೆ. ಹಕ್ಕಿಯ ಭಾಗದಲ್ಲಿ ವಿವರ ಸುಮಾರು 14 ಪಟ್ಟು ಕಡಿಮೆಯಾಗಿದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಅದು ಮರಳಿ ಬರುವುದಿಲ್ಲ.

ಆದ್ದರಿಂದ ಮೊದಲು ಕತ್ತರಿಸಿ, ಆಮೇಲೆ ಕುಗ್ಗಿಸಿ. ಈ ಕ್ರಮ ತಿರುಗುಮುರುಗಾದರೆ ಮುಂದಿನ ಯಾವ ಎಚ್ಚರಿಕೆಯೂ ಉಪಯೋಗಕ್ಕೆ ಬಾರದು.

ಇನ್ನು ನಿಮಗೆ ಸಿಕ್ಕ ಸಲಹೆಗಳು.

ಡಿಪಿಐ ಎಂಬುದು ಫೈಲಿನ ತಲೆಯಲ್ಲಿ ಬರೆದಿಡುವ ಒಂದು ಸಂಖ್ಯೆ. ಮುದ್ರಿಸುವಾಗ ಒಂದು ಇಂಚಿಗೆ ಎಷ್ಟು ಪಿಕ್ಸೆಲ್ ಹಾಕಬೇಕು ಎಂಬ ಸೂಚನೆ ಅಷ್ಟೆ. 6000 ಪಿಕ್ಸೆಲ್ ಅಗಲದ ಚಿತ್ರಕ್ಕೆ 300 ಎಂದು ಬರೆದರೆ ಕಾಗದದ ಮೇಲೆ 20 ಇಂಚು, 72 ಎಂದು ಬರೆದರೆ 83 ಇಂಚು. ಪಿಕ್ಸೆಲ್ ಮಾತ್ರ ಎರಡರಲ್ಲೂ ಅವೇ. ಪರದೆಯ ಮೇಲೆ ತೋರಿಸುವಾಗ ಬ್ರೌಸರ್ ಈ ಸಂಖ್ಯೆಯನ್ನು ಕೇಳುವುದೇ ಇಲ್ಲ. ಹಾಗೆಂದು ಇದನ್ನು ಸುಮ್ಮನೆ ಬದಲಿಸಿ ನೋಡುವುದೂ ಬೇಡ. ಎಡಿಟರಿನ ಇಮೇಜ್ ಸೈಜ್ ಕಿಟಕಿಯಲ್ಲಿ 'ರೀಸ್ಯಾಂಪಲ್' ಎಂಬ ಗುರುತು ಹಾಕಿದ್ದಾಗ 300 ಇದ್ದಲ್ಲಿ 72 ಬರೆದರೆ, 6000 ಪಿಕ್ಸೆಲ್ಲಿನ ಚಿತ್ರ 1440ಕ್ಕೆ ಇಳಿಯುತ್ತದೆ. ತಿರುಗಿ 300 ಬರೆದರೆ 6000 ಬರುತ್ತದೆ, ಆದರೆ ಅವು ತಂತ್ರಾಂಶ ಊಹಿಸಿ ತುಂಬಿದ ಪಿಕ್ಸೆಲ್‌ಗಳು.

ಜೆಪೆಗ್ ತೆರೆದು ನೋಡಿದರೆ ಸವೆಯುತ್ತದೆ ಎಂಬುದು ಪೂರ್ತಿ ಸುಳ್ಳು. ಸಾವಿರ ಸಲ ತೆರೆಯಿರಿ, ಬೇರೆ ಫೋಲ್ಡರಿಗೆ ಸರಿಸಿ, ಪೆನ್ ಡ್ರೈವಿಗೆ ನಕಲು ಮಾಡಿ, ಹೆಸರು ಬದಲಿಸಿ, ಒಂದು ಬೈಟೂ ಬದಲಾಗುವುದಿಲ್ಲ. ಬದಲಾಗುವುದು ತಿದ್ದಿ ಮತ್ತೆ 'ಸೇವ್' ಮಾಡಿದಾಗ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉಳಿದ ಅರ್ಧ ಸಮಸ್ಯೆ ಇಲ್ಲಿದೆ.

1992ರಲ್ಲಿ ರೂಪುಗೊಂಡ ಜೆಪೆಗ್ ಮಾನಕ ಚಿತ್ರವನ್ನು 8 × 8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದಲ್ಲಿ ಬೆಳಕು ನಿಧಾನವಾಗಿ ಬದಲಾಗುವ ಭಾಗವನ್ನೂ ಚಕಚಕನೆ ಬದಲಾಗುವ ಸೂಕ್ಷ್ಮ ಭಾಗವನ್ನೂ ಬೇರೆ ಬೇರೆ ಸಂಖ್ಯೆಗಳಾಗಿ ಬರೆದುಕೊಂಡು, ಸೂಕ್ಷ್ಮ ಭಾಗದ ಸಂಖ್ಯೆಗಳನ್ನು ಒರಟಾಗಿ ದುಂಡುಮಾಡುತ್ತದೆ. ದುಂಡುಮಾಡಿದ್ದು ಹೋಯಿತು, ಮರಳಿ ಸಿಗದು. ಜೊತೆಗೆ ಬೆಳಕು ಮತ್ತು ಬಣ್ಣಗಳನ್ನು ಬೇರ್ಪಡಿಸಿ, ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧ ಮಾಡುತ್ತದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಗುರುತಿಸಿದಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದು ಎಂಬ ನಂಬಿಕೆಯ ಮೇಲೆ ಈ ಉಪಾಯ ನಿಂತಿದೆ. ಬಹುತೇಕ ಚಿತ್ರಗಳಲ್ಲಿ ಅದು ನಿಜವೂ ಹೌದು. ಕಡು ನೀಲಿ ರೆಕ್ಕೆ ಕಿತ್ತಳೆ ಎದೆಗೆ ತಾಗುವ ಗೆರೆಯಲ್ಲಿ, ಕೆಂಪು ಕೊಕ್ಕಿನ ಅಂಚಿನಲ್ಲಿ ಮಾತ್ರ ಅದು ಕೈಕೊಡುತ್ತದೆ: ಬಣ್ಣ ಗೆರೆ ದಾಟಿ ಹರಿದಂತೆ ಕಾಣುತ್ತದೆ.

ಏನೂ ತಿದ್ದದೆ ಅದೇ ತಂತ್ರಾಂಶದಲ್ಲಿ ಅದೇ ಗುಣಮಟ್ಟದಲ್ಲಿ ಮತ್ತೆ ಮತ್ತೆ ಸೇವ್ ಮಾಡಿದರೆ ಮೊದಲ ಒಂದೆರಡು ಸಲದ ನಂತರ ನಷ್ಟ ತೀರಾ ಕಡಿಮೆಯಾಗುತ್ತದೆ, ಸಂಖ್ಯೆಗಳು ಆಗಲೇ ದುಂಡಗಾಗಿರುತ್ತವೆ. ಆದರೆ ಕ್ರಾಪ್ ಮಾಡಿದಿರೋ, ಗಾತ್ರ ಬದಲಿಸಿದಿರೋ, ಆ 8 × 8ರ ಬಲೆ ಚಿತ್ರದ ಮೇಲೆ ಬೇರೆ ಜಾಗದಲ್ಲಿ ಕೂರುತ್ತದೆ. ಹಳೆಯ ಚೌಕಗಳ ಅಂಚು ಹೊಸ ಚೌಕಗಳ ನಡುವೆ ಬಂದು, ಅದನ್ನೂ ವಿವರವೆಂದೇ ಎಣಿಸಿ ಮತ್ತೆ ದುಂಡುಮಾಡಲಾಗುತ್ತದೆ. ನಿಮ್ಮ ಚಿತ್ರ ಈಗ ನಾಲ್ಕು ಸಲ ಹೀಗೆ ಒತ್ತಿಸಿಕೊಳ್ಳುತ್ತಿದೆ: ಕ್ಯಾಮೆರಾದಲ್ಲಿ, ಮೆಸೇಜ್ ಆ್ಯಪ್‌ನಲ್ಲಿ, ಫೋನಿನ ಎಡಿಟರಿನಲ್ಲಿ, ಕೊನೆಗೆ ತಾಣದಲ್ಲಿ. ನೀಲಾಕಾಶದ ಎದುರು ಕೂತ ಹಕ್ಕಿಯ ಸುತ್ತ ನೊಣ ಮುತ್ತಿದಂತೆ ಸಣ್ಣ ಚುಕ್ಕೆಗಳು ಕಂಡರೆ, ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಇದೇ ಕಾರಣ.

ಪಿಎನ್‌ಜಿ ನಷ್ಟವಿಲ್ಲದ ರೂಪ ಎಂಬುದು ಸರಿ. ಆದರೆ ಜೆಪೆಗ್ ಪ್ರತಿಯನ್ನು ಪಿಎನ್‌ಜಿ ಮಾಡಿದರೆ ಆಗಲೇ ಆದ ನಷ್ಟವನ್ನು ಭದ್ರವಾಗಿ ಕಾಪಾಡಿದಂತಾಗುತ್ತದೆ, ಬೇರೇನಿಲ್ಲ. ಫೋಟೊಗಳಲ್ಲಿ ಫೈಲ್ ಹಲವು ಪಟ್ಟು ದೊಡ್ಡದಾಗಿ ತಾಣದ ಮಿತಿ ಮೀರುತ್ತದೆ, ಆಗ ತಾಣವೇ ಅದನ್ನು ತನಗೆ ಬೇಕಾದ ಮಟ್ಟದ ಜೆಪೆಗ್ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಸ್ಕ್ರೀನ್‌ಶಾಟ್, ನಕ್ಷೆ, ಅಕ್ಷರಗಳಿರುವ ಪಟ್ಟಿ, ಗೆರೆಚಿತ್ರ ಇವಕ್ಕೆ ಪಿಎನ್‌ಜಿಯೇ ಸರಿ. ಹಕ್ಕಿಗೆ ಜೆಪೆಗ್ ಸಾಕು.

ಅಂಡರ್‌ಸ್ಕೋರ್ ವಿಷಯ ಬರೆದದ್ದು ಬಹಳ ಒಳ್ಳೆಯದಾಯಿತು. ಕ್ಯಾಮೆರಾ ಫೈಲ್‌ಗಳ ಹೆಸರಿಡುವ ನಿಯಮದ ಪ್ರಕಾರ, ಹೆಸರಿನ ಮೊದಲ ಅಕ್ಷರ ಅಂಡರ್‌ಸ್ಕೋರ್ ಆಗಿದ್ದರೆ ಆ ಚಿತ್ರವನ್ನು ಅಡೋಬ್ ಆರ್‌ಜಿಬಿ ಎಂಬ ಬಣ್ಣದ ವ್ಯಾಪ್ತಿಯಲ್ಲಿ ತೆಗೆಯಲಾಗಿದೆ ಎಂದರ್ಥ. ನೀಲಿ ಮಂಕಾಗುತ್ತಿರುವುದಕ್ಕೆ ಬಹುಶಃ ಇದೇ ಕಾರಣ. ಈ ವ್ಯಾಪ್ತಿ ಹಸಿರು ಮತ್ತು ಹಸಿರು-ನೀಲಿ ಬಣ್ಣಗಳಲ್ಲಿ ದೊಡ್ಡದು. ಅದೇ ಸಂಖ್ಯೆ ಇಲ್ಲಿ ಹೆಚ್ಚು ಗಾಢ ಬಣ್ಣವನ್ನು ಸೂಚಿಸುತ್ತದೆ. ಯಾವ ವ್ಯಾಪ್ತಿ ಎಂದು ತಿಳಿಸುವ ಚೀಟಿ, ಅಂದರೆ ಕಲರ್ ಪ್ರೊಫೈಲ್, ಫೈಲಿನೊಳಗೆ ಇರುತ್ತದೆ. ದಾರಿಯಲ್ಲಿ ಯಾವುದೋ ಆ್ಯಪ್ ಅಥವಾ ತಾಣ ಆ ಚೀಟಿಯನ್ನು ಕಿತ್ತುಹಾಕಿದರೆ ಬ್ರೌಸರ್ ಅದನ್ನು ಎಸ್‌ಆರ್‌ಜಿಬಿ (ಜಾಲದಲ್ಲಿ ಸಾಮಾನ್ಯವಾಗಿ ಬಳಸುವ, ಇದಕ್ಕಿಂತ ಚಿಕ್ಕ ವ್ಯಾಪ್ತಿ) ಎಂದೇ ಓದುತ್ತದೆ, ಅದೇ ಸಂಖ್ಯೆಗೆ ಪೇಲವ ಬಣ್ಣ ತೋರಿಸುತ್ತದೆ. ಜೆಪೆಗ್ ತೆಗೆದು ನೇರ ಹಂಚಿಕೊಳ್ಳುವವರು ಕ್ಯಾಮೆರಾ ಮೆನುವಿನಲ್ಲಿ ಕಲರ್ ಸ್ಪೇಸ್ ಅನ್ನು ಎಸ್‌ಆರ್‌ಜಿಬಿಗೆ ಬದಲಿಸಿಬಿಡುವುದು ಒಳ್ಳೆಯದು. ಈಗಾಗಲೇ ತೆಗೆದವನ್ನು ಎಡಿಟರಿನಲ್ಲಿ 'ಕನ್ವರ್ಟ್ ಟು ಪ್ರೊಫೈಲ್' ಮೂಲಕ ಎಸ್‌ಆರ್‌ಜಿಬಿ ಮಾಡಿ. ಪಕ್ಕದಲ್ಲೇ 'ಅಸೈನ್ ಪ್ರೊಫೈಲ್' ಎಂದಿರುತ್ತದೆ, ಅದನ್ನು ಒತ್ತಬೇಡಿ. ಅದು ಸಂಖ್ಯೆಗಳನ್ನು ಹಾಗೇ ಬಿಟ್ಟು ಚೀಟಿ ಮಾತ್ರ ಬದಲಿಸುತ್ತದೆ, ನೀವು ಈಗ ಅನುಭವಿಸುತ್ತಿರುವ ತೊಂದರೆಯನ್ನೇ ಶಾಶ್ವತ ಮಾಡುತ್ತದೆ.

ಈಗ ನಿಮ್ಮ ಕೆಲಸದ ಕ್ರಮವನ್ನು ಹೀಗೆ ಬದಲಿಸಿ.

ಕಾರ್ಡಿನಿಂದ ಲ್ಯಾಪ್‌ಟಾಪಿಗೆ ಕಾರ್ಡ್ ರೀಡರ್ ಅಥವಾ ಕೇಬಲ್‌ನಿಂದಲೇ ನಕಲು ಮಾಡಿ, 'ಮೂಲ' ಎಂಬ ಫೋಲ್ಡರಿನಲ್ಲಿಡಿ. ಅದರೊಳಗಿನ ಫೈಲ್‌ಗಳ ಮೇಲೆ ಎಂದೂ ಸೇವ್ ಮಾಡಬೇಡಿ. ಫೈಲ್ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಎಂದು ಗುರುತು ಹಾಕಿದರೆ ಕೈತಪ್ಪಿ ಆಗುವ ಅನಾಹುತ ತಪ್ಪುತ್ತದೆ. ಬೇರೊಂದು ಡಿಸ್ಕಿನಲ್ಲಿ ಇನ್ನೊಂದು ಪ್ರತಿ ಇರಲಿ. ಎರಡೂ ಕಡೆ ಸೇರಿದೆ ಎಂದು ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡಿ.

ತಿದ್ದುವ ಕೆಲಸವನ್ನು ಲ್ಯಾಪ್‌ಟಾಪಿನಲ್ಲೇ ಮುಗಿಸಿ. ಜಿಂಪ್, ಡಾರ್ಕ್‌ಟೇಬಲ್ ಎರಡೂ ಉಚಿತ. ಡಾರ್ಕ್‌ಟೇಬಲ್ ಮೂಲ ಫೈಲನ್ನು ಮುಟ್ಟದೆ ನೀವು ಮಾಡಿದ ಬದಲಾವಣೆಗಳ ಪಟ್ಟಿಯನ್ನಷ್ಟೇ ಪಕ್ಕದಲ್ಲಿ ಬರೆದಿಡುತ್ತದೆ, ಈ ಕೆಲಸಕ್ಕೆ ಹೆಚ್ಚು ಹೊಂದುತ್ತದೆ. ಮೊದಲು ಕ್ರಾಪ್, ಆಮೇಲೆ ಬೆಳಕು ಮತ್ತು ಬಣ್ಣ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಹೆಚ್ಚಿಟ್ಟು ತೆಗೆದ ಚಿತ್ರದಲ್ಲಿ ಹಿನ್ನೆಲೆಯ ಕಾಳುಕಾಳನ್ನು ಸ್ವಲ್ಪ ತಗ್ಗಿಸಿ. ಜೆಪೆಗ್‌ಗೆ ಗರಿಯೂ ಕಾಳೂ ಒಂದೇ, ಎರಡೂ ಸೂಕ್ಷ್ಮ ವಿವರ. ಹಿನ್ನೆಲೆಯ ಕಾಳಿಗೆ ಖರ್ಚಾಗುವ ಬೈಟುಗಳು ಉಳಿದರೆ ಅದೇ ಗಾತ್ರದ ಫೈಲಿನಲ್ಲಿ ಹಕ್ಕಿಗೆ ಹೆಚ್ಚು ಸಿಗುತ್ತದೆ. ಹಕ್ಕಿಯ ಮೈಮೇಲೆ ಮಾತ್ರ ಇದನ್ನು ಜೋರಾಗಿ ಹಚ್ಚಬೇಡಿ. ಗುರುತಿಸುವವರು ನೋಡುವುದೇ ಆ ಗರಿಯ ಅಂಚನ್ನು.

ಕುಗ್ಗಿಸುವುದು ಕೊನೆಯಲ್ಲಿ. ತಾಣದ ನಿಯಮದಲ್ಲಿ ಉದ್ದದ ಬದಿ ಇಷ್ಟು ಎಂದು ಹೇಳಿದ್ದರೆ ನಿಖರವಾಗಿ ಅಷ್ಟೇ ಮಾಡಿ. ಹೇಳಿರದಿದ್ದರೆ 2048 ಪಿಕ್ಸೆಲ್ ಒಳ್ಳೆಯ ಆರಂಭ. ಕ್ರಾಪ್ ಮಾಡಿದ ಮೇಲೆ ನಿಮ್ಮ ಬಳಿ 1500 ಮಾತ್ರ ಇದ್ದರೆ 1500 ಆಗಿಯೇ ಏರಿಸಿ, ಹಿಗ್ಗಿಸಬೇಡಿ. ವಿಧಾನ ಕೇಳಿದರೆ ಲ್ಯಾಂಕ್ಝೋಸ್ ಅಥವಾ ಬೈಕ್ಯೂಬಿಕ್ ಆರಿಸಿ. 'ನಿಯರೆಸ್ಟ್' ಎಂಬುದು ರೆಂಬೆಗಳನ್ನು ಹಲ್ಲುಹಲ್ಲಾಗಿಸುತ್ತದೆ. ನೀವೇ ಕುಗ್ಗಿಸಬೇಕು ಎನ್ನುವುದಕ್ಕೆ ಕಾರಣವಿದೆ. ಕುಗ್ಗಿಸಿದಾಗ ಯಾವ ಚಿತ್ರವೂ ಒಂದಿಷ್ಟು ಮೃದುವಾಗುತ್ತದೆ, ಆಮೇಲೆ ಹದವಾಗಿ ಶಾರ್ಪನ್ ಮಾಡಬೇಕಾಗುತ್ತದೆ. ತಾಣದ ಯಂತ್ರ ಆ ಹದ ನೋಡುವುದಿಲ್ಲ. ಅನ್‌ಶಾರ್ಪ್ ಮಾಸ್ಕ್ ಎಂಬ ಶಾರ್ಪನ್ ಮಾಡುವ ಸಾಧನದಲ್ಲಿ ರೇಡಿಯಸ್ 0.3ರಿಂದ 0.5 ಇಟ್ಟು, ಚಿತ್ರವನ್ನು 100% ಗಾತ್ರದಲ್ಲಿ ನೋಡುತ್ತಾ ಪ್ರಮಾಣ ಏರಿಸುತ್ತಾ ಹೋಗಿ. ಹಕ್ಕಿಯ ಸುತ್ತ ಬಿಳಿ ಗೆರೆ ಮೂಡಿತೆಂದರೆ ಹೆಚ್ಚಾಯಿತು, ಹಿಂದಕ್ಕೆ ಬನ್ನಿ. ಆ ಬಿಳಿ ಗೆರೆಯನ್ನು ಜೆಪೆಗ್ ಇನ್ನಷ್ಟು ಒರಟು ಮಾಡುತ್ತದೆ.

ಸೇವ್ ಮಾಡುವಾಗ ಗುಣಮಟ್ಟ 85ರಿಂದ 92ರ ನಡುವೆ ಇರಲಿ. ಇದು ಶೇಕಡಾವಾರು ಅಲ್ಲ, ಒಂದು ತಂತ್ರಾಂಶದ 85 ಇನ್ನೊಂದರ 85 ಆಗಿರಬೇಕೆಂದೂ ಇಲ್ಲ. 100 ಇಟ್ಟರೂ ಜೆಪೆಗ್ ನಷ್ಟರಹಿತವಾಗುವುದಿಲ್ಲ, ಫೈಲ್ ಮಾತ್ರ ಊದಿಕೊಳ್ಳುತ್ತದೆ. ಊದಿಕೊಂಡ ಫೈಲ್ ತಾಣದ ಎಂಬಿ ಮಿತಿ ದಾಟಿದರೆ ಅದು ನಿಮ್ಮ ಚಿತ್ರವನ್ನು ಮತ್ತೆ ಒತ್ತಬಹುದು. 'ಕ್ರೋಮಾ ಸಬ್‌ಸ್ಯಾಂಪ್ಲಿಂಗ್' (ಮೇಲೆ ಹೇಳಿದ, ಬಣ್ಣದ ಮಾಹಿತಿಯನ್ನು ಅರ್ಧ ಮಾಡುವ ಉಪಾಯ) ಎಂಬ ಆಯ್ಕೆ ಇದ್ದರೆ 4:4:4, ಅಂದರೆ ಅರ್ಧ ಮಾಡದೆ ಪೂರ್ತಿ ಉಳಿಸುವುದನ್ನು, ಆರಿಸಿ, ಮಿಂಚುಳ್ಳಿಯಂಥ ಗಾಢ ಬಣ್ಣದ ಹಕ್ಕಿಗೆ ಇದರ ಲಾಭ ಕಣ್ಣಿಗೆ ಕಾಣುತ್ತದೆ. ಕಲರ್ ಪ್ರೊಫೈಲ್ ಸೇರಿಸುವ ಗುರುತು ಹಾಕಿ. ಅದರ ಭಾರ ಕೆಲವೇ ಕೆಬಿ.

ಏರಿಸುವುದನ್ನೂ ಲ್ಯಾಪ್‌ಟಾಪಿನ ಬ್ರೌಸರಿನಿಂದಲೇ ಮಾಡಿ. ಏರಿಸಿದ ಮೇಲೆ ಚಿತ್ರವನ್ನು ಪೂರ್ಣ ಗಾತ್ರಕ್ಕೆ ತೆರೆದು, ಇಳಿಸಿಕೊಂಡು, ಪಿಕ್ಸೆಲ್ ಅಳತೆ ಮತ್ತು ಫೈಲ್ ಗಾತ್ರವನ್ನು ನಿಮ್ಮದರೊಂದಿಗೆ ಹೋಲಿಸಿ. ಎರಡೂ ಬೈಟಿಗೆ ಬೈಟು ಸರಿಹೊಂದಿದರೆ ತಾಣ ಮುಟ್ಟಿಲ್ಲ ಎನ್ನಬಹುದು. ಅಳತೆ ಅದೇ ಇದ್ದು ಫೈಲ್ ಚಿಕ್ಕದಾಗಿದ್ದರೆ ಮತ್ತೆ ಒತ್ತಿದೆ, ಅಥವಾ ಒಳಗಿನ ಮಾಹಿತಿಯನ್ನು ಮಾತ್ರ ತೆಗೆದಿದೆ. ಅಳತೆಯೇ ಇಳಿದಿದ್ದರೆ ಆ ಹೊಸ ಅಳತೆಯೇ ತಾಣದ ಮಿತಿ, ಮುಂದಿನ ಸಲ ಅಷ್ಟಕ್ಕೇ ಕುಗ್ಗಿಸಿ ಕೊಡಿ. ಒಂದು ಸಲ ಮಾಡುವ ಈ ಪರೀಕ್ಷೆ ಹತ್ತು ಜನರ ಸಲಹೆಗಿಂತ ಹೆಚ್ಚು ಹೇಳುತ್ತದೆ. ಪುಟದಲ್ಲಿ ಕಾಣುವ ಚಿಕ್ಕ ಚಿತ್ರವನ್ನು ಒತ್ತಿ ಹಿಡಿದು ಸೇವ್ ಮಾಡಿದರೆ ಸಿಗುವುದು ಥಂಬ್‌ನೇಲ್ ಇರಬಹುದು, ಅದನ್ನು ಹೋಲಿಸಬೇಡಿ. ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ, ಅದು ನಿಮ್ಮ ಪರದೆಯ ಅಳತೆಯಷ್ಟನ್ನೇ ಹಿಡಿಯುತ್ತದೆ.

ಫೋನಿನಿಂದಲೇ ಏರಿಸುವ ಅನಿವಾರ್ಯ ಇದ್ದರೆ ಫೈಲನ್ನು ಯುಎಸ್‌ಬಿ ಕೇಬಲ್ ಮೂಲಕ ಫೋನಿಗೆ ಹಾಕಿ. ಮೆಸೇಜ್ ಆ್ಯಪ್‌ನಲ್ಲೇ ಕಳಿಸಬೇಕೆಂದರೆ ವಾಟ್ಸ್ಆ್ಯಪ್‌ನಲ್ಲಿ 'ಡಾಕ್ಯುಮೆಂಟ್', ಟೆಲಿಗ್ರಾಂನಲ್ಲಿ 'ಫೈಲ್' ಎಂದು ಕಳಿಸಿ, ಆಗ ಚಿತ್ರ ಇದ್ದ ಹಾಗೇ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ 2023ರಿಂದ ಇರುವ ಎಚ್‌ಡಿ ಆಯ್ಕೆ ಸಾಮಾನ್ಯಕ್ಕಿಂತ ಮೇಲು, ಮೂಲಕ್ಕೆ ಸಮವಲ್ಲ. ಹಲವು ಚಿತ್ರಗಳಿದ್ದರೆ ಜಿಪ್ ಮಾಡಿ. ಜಿಪ್‌ನಿಂದ ಜೆಪೆಗ್ ಚಿಕ್ಕದಾಗುವುದಿಲ್ಲ, ಆದರೆ ಒಳಗಿರುವುದು ಚಿತ್ರ ಎಂದು ಆ್ಯಪ್ ಕೈಹಾಕುವುದೂ ಇಲ್ಲ. ಇಮೇಲಿನಲ್ಲಿ ಅಟ್ಯಾಚ್ ಮಾಡಬಹುದು, ಆದರೆ ಸಾಗಣೆಗಾಗಿ ಫೈಲನ್ನು ಅಕ್ಷರಗಳಾಗಿ ಬದಲಿಸುವಾಗ ಅದು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. 25 ಎಂಬಿ ಮಿತಿಯಲ್ಲಿ ಸುಮಾರು 18 ಎಂಬಿ ಮಾತ್ರ ಹಿಡಿಸುತ್ತದೆ.

ತಜ್ಞರೊಬ್ಬರು ಪೂರ್ಣ ಗಾತ್ರದ ಚಿತ್ರ ಕೇಳಿದರೆ ಗೂಗಲ್ ಡ್ರೈವ್‌ನಲ್ಲಿಟ್ಟು ಕೊಂಡಿ ಕೊಡುವುದು ಸರಿಯಾದ ದಾರಿ. ತೆರೆದ ಕೂಡಲೇ ಕಾಣುವುದು ಮುನ್ನೋಟ, 'ಡೌನ್‌ಲೋಡ್' ಒತ್ತಿದರೆ ಮೂಲ ಎಂದು ಅವರಿಗೆ ತಿಳಿಸಿ. ಗೂಗಲ್ ಫೋಟೋಸ್‌ನಲ್ಲಿಡುವುದಾದರೆ 'ಒರಿಜಿನಲ್ ಕ್ವಾಲಿಟಿ' ಆಯ್ಕೆ ಇರಬೇಕು. 'ಸ್ಟೋರೇಜ್ ಸೇವರ್' ನಿಮ್ಮ 24 ಮೆಗಾಪಿಕ್ಸೆಲ್ ಚಿತ್ರವನ್ನು 16ಕ್ಕೆ ಇಳಿಸುತ್ತದೆ. ಚಿತ್ರಗಳನ್ನು ಬೇರೆ ಕಡೆ ಇಟ್ಟು ಕೊಂಡಿಯ ಮೂಲಕ ಪುಟದಲ್ಲಿ ತೋರಿಸುವ ಪದ್ಧತಿಯನ್ನು ಶಾಶ್ವತ ದಾಖಲೆಗೆ ನಂಬಬೇಡಿ. 2017ರಲ್ಲಿ ಫೋಟೋಬಕೆಟ್ ಎಂಬ ಚಿತ್ರ ಸಂಗ್ರಹ ತಾಣ ಹಾಗೆ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳತೊಡಗಿದಾಗ, ಎಷ್ಟೋ ವರ್ಷಗಳ ಬರಹಗಳಲ್ಲಿದ್ದ ಚಿತ್ರಗಳ ಜಾಗದಲ್ಲಿ ಖಾಲಿ ಸೂಚನಾಫಲಕ ಉಳಿಯಿತು. ತಾಣಕ್ಕೇ ನೇರ ಏರಿಸಿದ 1500 ಪಿಕ್ಸೆಲ್ ಚಿತ್ರ, ನಾಳೆ ಮುರಿಯಬಹುದಾದ 6000 ಪಿಕ್ಸೆಲ್ ಕೊಂಡಿಗಿಂತ ಮೇಲು.

ಗುಣಮಟ್ಟ ಕಾಯ್ದುಕೊಂಡು ಮೂಲವನ್ನೇ ಕೊಡುವಾಗ ಇನ್ನೊಂದು ವಿಷಯ ನೆನಪಿರಲಿ. ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ದಿನಾಂಕ, ಕ್ಯಾಮೆರಾ ಮಾದರಿ, ಕೆಲವದರಲ್ಲಿ ಕ್ಯಾಮೆರಾದ ಕ್ರಮಸಂಖ್ಯೆ, ಜಿಪಿಎಸ್ ಇದ್ದರೆ ನಿಂತ ಜಾಗದ ಅಕ್ಷಾಂಶ-ರೇಖಾಂಶವೂ ಇರುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಫೋಟೊ ಆಗಿ ಹೋದಾಗ ಇದು ಸಾಮಾನ್ಯವಾಗಿ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಕೊಂಡಿಯಲ್ಲಿ ಹೋದಾಗ ಪೂರ್ತಿ ಉಳಿಯುತ್ತದೆ. ಗೂಡಿನಲ್ಲಿರುವ ಹಕ್ಕಿ, ಅಪರೂಪದ ಹಕ್ಕಿ ಇವುಗಳ ಚಿತ್ರದಲ್ಲಿ ಸ್ಥಳದ ಗುರುತು ಉಳಿಸಿ ಹಂಚಬೇಡಿ. ಗೂಡಿನ ಸುತ್ತ ಜನ ಸೇರಿದರೆ ಹಕ್ಕಿ ಮೊಟ್ಟೆ ಬಿಟ್ಟು ಹೋಗಬಹುದು. ಹಂಚುವ ಪ್ರತಿಯಲ್ಲಿ ಜಿಪಿಎಸ್ ಭಾಗ ಮಾತ್ರ ಅಳಿಸಿ, ದಿನಾಂಕ ಇರಲಿ, ಗುರುತಿಸಲು ಅದು ಬೇಕಾಗುತ್ತದೆ. ಎಲ್ಲವನ್ನೂ ಅಳಿಸಿದರೆ ಚಿತ್ರ ಯಾವ ಕಡೆ ತಿರುಗಬೇಕೆಂಬ ಸೂಚನೆಯೂ ಹೋಗಿ ಹಕ್ಕಿ ಅಡ್ಡ ಮಲಗೀತು. ಹಾಗಾದರೆ ಎಡಿಟರಿನಲ್ಲಿ ತಿರುಗಿಸಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ.

ಕೊನೆಯದಾಗಿ ಅಳಿಸಿಹೋದ ಮೂಲಗಳು. ಎಐ ಆ್ಯಪ್ 400 ಪಿಕ್ಸೆಲ್ಲನ್ನು 1600 ಮಾಡಿಕೊಡುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಅದು ಬರೆದ ಗರಿ ನಿಮ್ಮ ಹಕ್ಕಿಯದಲ್ಲ, ಕಲಿತ ಸಾವಿರಾರು ಚಿತ್ರಗಳಿಂದ ಅಂದಾಜಿಸಿದ ಗರಿ. ಒಂದೇ ಬಗೆಯ ಎರಡು ಹಕ್ಕಿಗಳ ನಡುವಿನ ವ್ಯತ್ಯಾಸ ರೆಕ್ಕೆಯ ಒಂದು ಪಟ್ಟೆಯಲ್ಲಿರುವಾಗ, ಇಲ್ಲದ ಪಟ್ಟೆಯನ್ನು ಅದು ಮೂಡಿಸಬಹುದು. ಗುರುತಿಸಲು ಕೊಡುವ ಚಿತ್ರಕ್ಕೆ ಇದನ್ನು ಬಳಸಬೇಡಿ, ಮಸುಕಾದ 400 ಪಿಕ್ಸೆಲ್ಲೇ ಹೆಚ್ಚು ಪ್ರಾಮಾಣಿಕ ಸಾಕ್ಷಿ.

ಮೂಲ ಸಿಗುವ ಆಸೆ ಇನ್ನೂ ಇದೆ. ಲ್ಯಾಪ್‌ಟಾಪಿನ ರೀಸೈಕಲ್ ಬಿನ್ ಮತ್ತು ಬ್ಯಾಕಪ್ ನೋಡಿ. ಕಾರ್ಡಿನಿಂದ ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಹೆಸರಿನ ನಮೂದು ಮಾತ್ರ. ಅದೇ ಜಾಗದ ಮೇಲೆ ಹೊಸ ಚಿತ್ರ ಬರೆಯುವವರೆಗೆ ಹಳೆಯ ಮಾಹಿತಿ ಅಲ್ಲೇ ಇರುತ್ತದೆ. ಫೋಟೋರೆಕ್ ಎಂಬ ಉಚಿತ ತಂತ್ರಾಂಶ ಅದನ್ನು ಹುಡುಕಿ ತೆಗೆಯಬಲ್ಲದು. ಸಿಕ್ಕ ಫೈಲ್‌ಗಳನ್ನು ಅದೇ ಕಾರ್ಡಿಗೆ ಬರೆಸದೆ ಲ್ಯಾಪ್‌ಟಾಪಿಗೆ ಬರೆಸಿ. ಹಳೆಯ ಹೆಸರುಗಳು ಮರಳುವುದಿಲ್ಲ, ದಿನಾಂಕ ನೋಡಿ ಬೇರ್ಪಡಿಸಿಕೊಳ್ಳಬೇಕಾಗುತ್ತದೆ. ಆ ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ಹೊರಗೆ ತೆಗೆದಿಡಿ, ಹುಡುಕುವ ಕೆಲಸ ಮುಗಿಯುವವರೆಗೆ ಅದರಲ್ಲಿ ಒಂದು ಚಿತ್ರವನ್ನೂ ತೆಗೆಯಬೇಡಿ.